ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಿದರೆ ಬೈಕ್ ಸ್ಫೋಟಿಸುತ್ತದೆಯೇ? ಲೆಕ್ಕ ಹಾಕಿ ನೋಡೋಣ

ಬಿಸಿಲು ಏರುತ್ತಿದ್ದಂತೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಮತ್ತೆ ಹರಿದಾಡಲು ಶುರುವಾಗುತ್ತದೆ. ಟ್ಯಾಂಕ್ ಪೂರ್ತಿ ತುಂಬಿಸಿದರೆ ಸ್ಫೋಟವಾಗಬಹುದು, ಅರ್ಧ ಮಾತ್ರ ಹಾಕಿಸಿ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗ್ಯಾಸ್ ಹೊರಬಿಡಿ ಎನ್ನುವುದು ಅದರ ಸಾರಾಂಶ. ಇಂಡಿಯನ್ ಆಯಿಲ್ ನೀಡಿದ ಎಚ್ಚರಿಕೆ ಎಂದೂ ಅದರಲ್ಲಿ ಬರೆದಿರುತ್ತದೆ. ಇದು ನಿಜವೇ?

ಪೆಟ್ರೋಲ್ ಎಷ್ಟು ಹಿಗ್ಗುತ್ತದೆ?

ಬಿಸಿಯಾದಾಗ ಪೆಟ್ರೋಲ್ ಹಿಗ್ಗುವುದು ನಿಜ. ಎಷ್ಟು ಹಿಗ್ಗುತ್ತದೆ ಎಂದು ತಿಳಿಯಲು ಮೂರು ಸಂಖ್ಯೆಗಳನ್ನು ಗುಣಿಸಿದರೆ ಸಾಕು:

ಹೆಚ್ಚಾಗುವ ಪ್ರಮಾಣ = ಮೊದಲಿದ್ದ ಪ್ರಮಾಣ × ಹಿಗ್ಗುವಿಕೆಯ ಗುಣಾಂಕ × ಏರಿದ ತಾಪಮಾನ

ಪೆಟ್ರೋಲಿನ ಗುಣಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.00095. ಅಂದರೆ 1 ಲೀಟರ್ ಪೆಟ್ರೋಲ್ 1 ಡಿಗ್ರಿ ಬಿಸಿಯಾದರೆ ಹೆಚ್ಚಾಗುವುದು 1 ಮಿಲಿಲೀಟರ್‌ಗಿಂತ ತುಸು ಕಡಿಮೆ.

ನಿಮ್ಮ ಬೈಕಿನಲ್ಲಿ 28 ಡಿಗ್ರಿಯ 12 ಲೀಟರ್ ಪೆಟ್ರೋಲ್ ಇದೆ ಎಂದುಕೊಳ್ಳಿ. ಬಿಸಿಲಿನಲ್ಲಿ ನಿಲ್ಲಿಸಿದಾಗ ಅದು 45 ಡಿಗ್ರಿಗೆ ಏರಿತು. ವ್ಯತ್ಯಾಸ 17 ಡಿಗ್ರಿ.

12 × 0.00095 × 17 = 0.194 ಲೀಟರ್

ಅಂದರೆ ಸುಮಾರು 194 ಮಿಲಿಲೀಟರ್, ಒಂದು ಲೋಟದಷ್ಟು. ಉಕ್ಕಿನ ಟ್ಯಾಂಕ್ ಕೂಡ ಹಿಗ್ಗುತ್ತದೆ, ಆದರೆ ಅದರಿಂದ ಸಿಗುವ ಹೆಚ್ಚುವರಿ ಜಾಗ ಸುಮಾರು 7 ಮಿಲಿಲೀಟರ್ ಅಷ್ಟೇ.

ಹಾಗಾದರೆ ಸ್ಫೋಟ?

ಇಲ್ಲ. ಹಿಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಟ್ಯಾಂಕ್ ವಿನ್ಯಾಸ ಮಾಡಿರುತ್ತಾರೆ. ಕಂಪನಿ ಸೂಚಿಸಿದ ಮಿತಿಯ ಮೇಲೆ ಸಾಮಾನ್ಯವಾಗಿ ಖಾಲಿ ಜಾಗ ಇರುತ್ತದೆ, ಆವಿಯ ಒತ್ತಡ ಹೊರಹೋಗಲು ದಾರಿಯೂ ಇರುತ್ತದೆ. ಕಿಡಿ ಇಲ್ಲದೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಬಿಸಿ ಬೇಕು. ನಮ್ಮ ಕಲಬುರಗಿ, ರಾಯಚೂರಿನ ಬಿಸಿಲೂ ಅದರ ಹತ್ತಿರ ಸುಳಿಯುವುದಿಲ್ಲ.

ಈ ಸಂದೇಶ ತನ್ನದಲ್ಲ ಎಂದು ಇಂಡಿಯನ್ ಆಯಿಲ್ ಕೂಡ ಸ್ಪಷ್ಟಪಡಿಸಿದೆ. ತಯಾರಕರು ಹೇಳಿದ ಮಿತಿಯವರೆಗೆ ತುಂಬಿಸುವುದು ಯಾವ ಕಾಲದಲ್ಲೂ ಸುರಕ್ಷಿತ ಎಂದು ಅದು ತಿಳಿಸಿದೆ.

ನಿಜವಾದ ಅಪಾಯ ಎಲ್ಲಿದೆ?

ಮುಚ್ಚಳದ ಬಾಯಿವರೆಗೆ ತುಂಬಿಸುವುದರಲ್ಲಿದೆ. ಆಗ ಹಿಗ್ಗಿದ ಆ ಒಂದು ಲೋಟ ಪೆಟ್ರೋಲಿಗೆ ಜಾಗವಿರದೆ ಹೊರಗೆ ಸೋರಬಹುದು, ಬಿಸಿ ಎಂಜಿನ್ ಮೇಲೂ ಬೀಳಬಹುದು. ಹಾಗಾಗಿ ಬಂಕ್‌ನಲ್ಲಿ ನಾಝಲ್ ತಾನಾಗಿ ನಿಂತ ಮೇಲೆ "ಇನ್ನು ಸ್ವಲ್ಪ ಹಾಕಿ" ಎನ್ನಬೇಡಿ.

ದಿನಾ ಮುಚ್ಚಳ ತೆಗೆಯುವ ಸಲಹೆಯನ್ನಂತೂ ಪಾಲಿಸಲೇಬೇಡಿ. ಹೊರಬರುವ ಆವಿಗೆ ಹತ್ತಿರದ ಕಿಡಿ ಅಥವಾ ಬೆಂಕಿ ತಗುಲಿದರೆ ಅನಾಹುತವಾಗಬಹುದು.

ತೀರ್ಮಾನ: ಪೆಟ್ರೋಲ್ ಹಿಗ್ಗುತ್ತದೆ ಎಂಬುದು ನಿಜ, ಫುಲ್ ಟ್ಯಾಂಕ್ ಬಿಸಿಲಿಗೆ ಸ್ಫೋಟಿಸುತ್ತದೆ ಎಂಬುದು ಸುಳ್ಳು. ಈ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ಫಾರ್ವರ್ಡ್ ಮಾಡುವ ಬದಲು ಮೇಲಿನ ಲೆಕ್ಕವನ್ನು ಕಳುಹಿಸಿ.