ವಂತಿಗೆದಾರರ ಕೊಡಗು: ಮೋಗ್ಲಿಂಗರ ಮಿಶನ್, ಅದರ ಹಣದ ಮೂಲ ಮತ್ತು ಮೂರು ಪುಸ್ತಕಗಳು

ಕೊಡಗಿನ ಚರಿತ್ರೆಗೆ ಕೈಹಾಕಿದವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಹರ್ಮನ್ ಮೋಗ್ಲಿಂಗರ ‘ಕೂರ್ಗ್ ಮೆಮೊಯರ್ಸ್’ ಪುಸ್ತಕಕ್ಕೆ ಬಂದು ತಲುಪುತ್ತಾರೆ. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಈ ಇಂಗ್ಲಿಷ್ ಪುಸ್ತಕದಲ್ಲಿ ನಾಡಿನ ವರ್ಣನೆಯಿದೆ, ಹಾಲೇರಿ ಅರಸರ ಕಥೆಯಿದೆ, ಕೊಡವರ ಆಚಾರವಿಚಾರಗಳಿವೆ. ಉಲ್ಲೇಖಿಸುವವರು ಇಷ್ಟನ್ನು ತೆಗೆದುಕೊಂಡು ಮುಂದೆ ಸಾಗುತ್ತಾರೆ. ಆದರೆ ಇದು ಕೊಡಗಿನ ವೃತ್ತಾಂತದ ಜೊತೆಗೆ ಕೊಡಗು ಮಿಶನ್ನಿನ ವೃತ್ತಾಂತವೂ ಹೌದೆಂದು ಪುಸ್ತಕದ ಉಪಶೀರ್ಷಿಕೆಯೇ ಹೇಳುತ್ತದೆ. ಆ ಎರಡನೆಯ ಭಾಗ ಕೊನೆಯಲ್ಲಿ ಅಂಟಿಸಿದ ಬಾಲಂಗೋಚಿ ಎಂಬ ಭಾವನೆ ನಮ್ಮಲ್ಲಿದೆ. ನನಗೆ ಕಾಣುವುದು ತಿರುಗಾಮುರುಗ: ಮಿಶನ್ನಿನ ಖರ್ಚುವೆಚ್ಚದ ಪ್ರಶ್ನೆ ಇಲ್ಲದಿದ್ದರೆ ಈ ಪುಸ್ತಕ ಈ ರೂಪದಲ್ಲಿ, ಈ ಭಾಷೆಯಲ್ಲಿ, ಆ ವರ್ಷ ಹುಟ್ಟುತ್ತಿರಲಿಲ್ಲ.

ಇದನ್ನು ತಿಳಿಯಲು ಮೋಗ್ಲಿಂಗ್ ಸೇರಿದ್ದ ಬಾಸೆಲ್ ಮಿಶನ್ ಹಣ ಹೊಂದಿಸುತ್ತಿದ್ದ ಬಗೆಯನ್ನು ಮೊದಲು ನೋಡಬೇಕು. ಇಂದು ಹೊರದೇಶಕ್ಕೆ ಹೊರಡುವ ಮಿಶನರಿ ಕುಟುಂಬಗಳು ಊರೂರು ಸುತ್ತಿ, ಸಭೆಸಭೆಗಳಲ್ಲಿ ಮಾತಾಡಿ, ತಿಂಗಳಿಗಿಷ್ಟು ಕೊಡುತ್ತೇವೆಂಬ ಮಾತು ಪಡೆದುಕೊಂಡೇ ವಿಮಾನ ಹತ್ತುವುದು ವಾಡಿಕೆ. ಹತ್ತೊಂಬತ್ತನೆಯ ಶತಮಾನದ ಬಾಸೆಲ್‌ನಲ್ಲಿ ಹಾಗಿರಲಿಲ್ಲ. 1815ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಆಡಳಿತ ಬಾಸೆಲ್ ನಗರದ ಸಿರಿವಂತ ಮನೆತನಗಳ ಸಮಿತಿಯ ಕೈಯಲ್ಲಿತ್ತು. ಕಡಲು ದಾಟುವವರು ಹೆಚ್ಚಾಗಿ ವೂರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ಅವರನ್ನು ಓದಿಸಿ, ತಯಾರುಮಾಡಿ, ಹಡಗು ಹತ್ತಿಸುವ ಖರ್ಚೆಲ್ಲ ಸಮಿತಿಯದು. ಅವರು ಯಾರ ಮುಂದೆಯೂ ಕೈಚಾಚಬೇಕಾಗಿರಲಿಲ್ಲ. ಅದರ ಬದಲು ಕೈಕಟ್ಟಿಸಿಕೊಳ್ಳಬೇಕಾಗಿತ್ತು.

ಹಣ ಬರುತ್ತಿದ್ದುದು ಎಲ್ಲಿಂದ? ದೊಡ್ಡ ಮನೆತನಗಳ ದೇಣಿಗೆ ಇದ್ದೇ ಇತ್ತು. ಆದರೆ 1850ರ ದಶಕದ ಮಧ್ಯದಲ್ಲಿ ಸಮಿತಿಯ ಕಾರ್ಲ್ ಸಾರಾಸಿನ್ ಎಂಬ ರೇಷ್ಮೆ ಪಟ್ಟಿ ಉದ್ಯಮಿಯ ಮುತುವರ್ಜಿಯಿಂದ ಶುರುವಾದ ‘ಹಾಲ್ಬ್‌ಬಾಟ್ಸೆನ್’ ವಂತಿಗೆ ಲೆಕ್ಕಾಚಾರವನ್ನೇ ಬದಲಿಸಿತು. ಅರ್ಧ ಬಾಟ್ಸೆನ್ ಎಂದರೆ ಹೊಸ ಸ್ವಿಸ್ ನಾಣ್ಯದಲ್ಲಿ ಐದು ರಾಪೆನ್. ವಾರಕ್ಕೆ ಅಷ್ಟು ಕೊಟ್ಟರೆ ಸಾಕು, ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ. ಹತ್ತು ಜನರಿಗೊಬ್ಬ ವಸೂಲಿಗಾರ ಅಥವಾ ವಸೂಲಿಗಾರ್ತಿ ಮನೆ ಬಾಗಿಲಿಗೇ ಬಂದು ಕಾಸು ಪಡೆದು ಲೆಕ್ಕ ಬರೆದುಕೊಳ್ಳುವ ಏರ್ಪಾಟು. ಒಬ್ಬ ಮನೆಗೆಲಸದ ಹೆಂಗಸು ವರ್ಷವಿಡೀ ತಪ್ಪದೆ ಕೊಟ್ಟರೆ 2 ಫ್ರಾಂಕ್ 60 ರಾಪೆನ್. ಹತ್ತು ಮನೆಯ ಗುಂಪಿನಿಂದ 26 ಫ್ರಾಂಕ್. ಹನಿಹನಿಗೂಡಿದರೆ ಹಳ್ಳ ಎಂಬುದನ್ನು ಆ ಸಮಿತಿಯ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಐದು ರಾಪೆನ್ ಕೊಟ್ಟವರಿಗೂ ಓದಲು ಏನಾದರೂ ಬೇಕು. ‘ಹೈಡೆನ್‌ಬೋಟೆ’ಯಂಥ ಪತ್ರಿಕೆಗಳು ಇದ್ದುದೇ ಅದಕ್ಕೆ. ಮಂಗಳೂರು, ಧಾರವಾಡ, ತಲಶ್ಶೇರಿಗಳಿಂದ ಮಿಶನರಿಗಳು ಕಡ್ಡಾಯವಾಗಿ ಬರೆದು ಕಳಿಸುತ್ತಿದ್ದ ವರದಿಗಳಿಂದ ಆಯ್ದ ಭಾಗಗಳನ್ನು ಬಾಸೆಲ್‌ನಲ್ಲಿ ತಿದ್ದಿತೀಡಿ ಅಚ್ಚುಹಾಕುತ್ತಿದ್ದರು. ಕಾಲ್ವ್ ಪಟ್ಟಣದಲ್ಲಿ ಕ್ರಿಸ್ಟಿಯಾನ್ ಗಾಟ್ಲೋಬ್ ಬಾರ್ತ್ ನಡೆಸುತ್ತಿದ್ದ ಪ್ರಕಾಶನವೂ ಇದೇ ಕೆಲಸದಲ್ಲಿ ತೊಡಗಿತ್ತು. ಬಾಸೆಲ್ ಮಿಶನ್ ಬರಹಗಳನ್ನು ಆಕರವಾಗಿ ಬಳಸುವಾಗ ನಾವು ಬರೆದವನನ್ನು ಮಾತ್ರ ವಿಚಾರಿಸಿಕೊಳ್ಳುತ್ತೇವೆ. ಓದಿ ಕಾಸು ಕೊಡುವವನು ಯಾರೆಂಬುದನ್ನೂ ವಿಚಾರಿಸಬೇಕು.

ಸಮಿತಿಯ ಹಿಡಿತ ಸಂಸಾರದ ಒಳಕ್ಕೂ ಚಾಚಿತ್ತು. 1837ರ ವಿವಾಹ ನಿಯಮದಂತೆ ಮಿಶನರಿಯು ಕೆಲಸದ ನೆಲದಲ್ಲಿ ಎರಡು ವರ್ಷ ಕಳೆದ ಮೇಲೆಯೇ ಮದುವೆಗೆ ಅನುಮತಿ ಕೇಳಬಹುದಿತ್ತು. ಅನುಮತಿ ಸಿಕ್ಕರೆ ವಧು ಯುರೋಪಿನಿಂದ ಹಡಗಿನಲ್ಲಿ ಬರುತ್ತಿದ್ದಳು, ಎಷ್ಟೋ ಸಲ ಗಂಡನಾಗುವವನ ಮುಖವನ್ನೇ ನೋಡದೆ. 1853ರಲ್ಲಿ, ಯೋಸೆಫ್ ಯೋಸೆನ್‌ಹಾನ್ಸ್ ಮೇಲ್ವಿಚಾರಕರಾಗಿದ್ದಾಗ, ಮಕ್ಕಳ ಬಗೆಗೂ ನಿಯಮ ಬಂತು: ಶಾಲೆಗೆ ಹೋಗುವ ವಯಸ್ಸಾದೊಡನೆ ಅವರನ್ನು ಯುರೋಪಿಗೆ ಕಳಿಸಿ ಬಾಸೆಲ್‌ನ ಮಕ್ಕಳ ನಿಲಯದಲ್ಲಿ ಬಿಡಬೇಕು. ಸಂಬಳವೆಂಬುದಿಲ್ಲ, ಅಗತ್ಯ ನೋಡಿ ಭತ್ಯೆ. ಹೊಟ್ಟೆಬಟ್ಟೆಯ ಚಿಂತೆ ಇರಲಿಲ್ಲ, ನಿಜ. ಯಾವಾಗ ಮದುವೆಯಾಗಬೇಕು, ಮಗಳು ಯಾವ ವಯಸ್ಸಿನಲ್ಲಿ ತಾಯಿಯಿಂದ ಅಗಲಬೇಕು ಎಂಬ ತೀರ್ಮಾನವೂ ಹಣ ಕೊಟ್ಟವರ ಕೈಗೆ ಹೋಗಿತ್ತು ಎಂಬುದೂ ಅಷ್ಟೇ ನಿಜ.

ಈ ಚೌಕಟ್ಟಿನಿಂದ ಹೊರಗೆ ಬಿದ್ದದ್ದು ಕೊಡಗು ಮಿಶನ್. ಮೋಗ್ಲಿಂಗ್ ಬಾಸೆಲ್‌ನ ಉಳಿದ ಸೋದರರಂತೆ ಗರಡಿಯಲ್ಲಿ ತಿದ್ದಿಸಿಕೊಂಡು ಬಂದವರಾಗಿರಲಿಲ್ಲ. 1811ರಲ್ಲಿ ಹುಟ್ಟಿ, ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದಿದ ಪದವೀಧರ. 1836ರಲ್ಲಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದರು. ಇಷ್ಟನ್ನು ಕನ್ನಡ ಓದುಗರೆಲ್ಲ ಬಲ್ಲರು. 1852ರ ಹೊತ್ತಿಗೆ ಅವರು ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದರು. ಆಗಲೇ ಅಲ್ಮಂಡ ಒಕ್ಕದ, ಅಂದರೆ ಮನೆತನದ, ಸೋಮಯ್ಯ ಎಂಬ ಕೊಡವ ಅವರನ್ನು ಹುಡುಕಿಕೊಂಡು ಬಂದದ್ದು. ಮರುವರ್ಷ ದೀಕ್ಷಾಸ್ನಾನ ಪಡೆದು ಸ್ಟೆಫಾನಸ್ ಎನಿಸಿಕೊಂಡ ಈ ವ್ಯಕ್ತಿಯ ಬೆನ್ನಿಗೆ ಮೋಗ್ಲಿಂಗ್ ಘಟ್ಟ ಹತ್ತಿದರು. ಸಮಿತಿಯ ಬೊಕ್ಕಸದ ಆಸರೆ ಅವರಿಗಿರಲಿಲ್ಲ. ಬಾಸೆಲ್ ಈ ಮಿಶನ್ನನ್ನು ತನ್ನದಾಗಿಸಿಕೊಂಡದ್ದು ಕೆಲವು ವರ್ಷಗಳ ಅನಂತರ.

ಅದೇ 1852ರಲ್ಲಿ ಕೊಡಗಿನ ಇನ್ನೊಂದು ಕುಟುಂಬ ಎದುರು ದಿಕ್ಕಿಗೆ ಹಡಗು ಹತ್ತಿತ್ತೆಂಬುದನ್ನು ಇಲ್ಲೇ ಹೇಳಿಬಿಡಬೇಕು. 1834ರಲ್ಲಿ ಪದಚ್ಯುತನಾದ ಅರಸ ಚಿಕ್ಕವೀರರಾಜೇಂದ್ರ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದ. ಕಂಪನಿಯ ಬಳಿ ಉಳಿದಿದ್ದ ತನ್ನ ಹಣಕ್ಕಾಗಿ ಅಲ್ಲಿನ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಮಗಳು ಆ ವರ್ಷ ಜೂನ್ 30ರಂದು ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಕ್ರೈಸ್ತಳಾದಳು. ಕೊಡಗು ಎಂಬ ಹೆಸರು ಇಂಗ್ಲಿಷ್ ಓದುಗರ ಬಾಯಲ್ಲಿ ಹೊಸದಾಗಿ ಓಡಾಡುತ್ತಿದ್ದ ಕಾಲ ಅದು. ಮೋಗ್ಲಿಂಗರ ಪುಸ್ತಕ ಬಂದದ್ದು ಮೂರೇ ವರ್ಷದ ಮೇಲೆ. ಸಮಯ ಅವರ ಪರವಾಗಿತ್ತು.

ಸಮಿತಿ ಕೊಡದಿದ್ದರೆ ಕೊಡುವವರು ಯಾರು? ಮೈಸೂರು ಮತ್ತು ಕೊಡಗುಗಳ ಆಡಳಿತ ಮಾರ್ಕ್ ಕಬ್ಬನ್ನರ ಕೈಯಲ್ಲಿದ್ದ ದಿನಗಳವು. ಬೆಂಗಳೂರು, ಮಡಿಕೇರಿ, ಮಂಗಳೂರುಗಳ ದಂಡು ಪ್ರದೇಶಗಳಲ್ಲಿ ಧರ್ಮಶ್ರದ್ಧೆಯುಳ್ಳ ಅಧಿಕಾರಿಗಳಿದ್ದರು. ಯುರೋಪಿನಲ್ಲಿ ಹಳೆಯ ಗೆಳೆಯರಿದ್ದರು. ಕಾಫಿ ತೋಟಗಾರರು ಆಗಷ್ಟೇ ಬರತೊಡಗಿದ್ದರು: ಫೌಲರ್ ಎಂಬವರು ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ತೆರೆದದ್ದು 1854ರಲ್ಲಿ. ಇಂಥ ಓದುಗನನ್ನು ಎದುರಿಗಿಟ್ಟುಕೊಂಡು ‘ಕೂರ್ಗ್ ಮೆಮೊಯರ್ಸ್’ನ ಜೋಡಣೆಯನ್ನು ಗಮನಿಸಿ. ಮೊದಲು ನಾಡಿನ ಚೆಲುವು, ಜನರ ಕೆಚ್ಚು. ಆಮೇಲೆ ಅರಸರ ಕ್ರೌರ್ಯ, ಕಂಪನಿ ಸರ್ಕಾರದ ಆಗಮನ. ಕೊನೆಗೆ ಸೋಮಯ್ಯನ ಕಥೆ ಮತ್ತು ಮಿಶನ್. ಇಂಥ ಜನರು, ಇಷ್ಟು ನರಳಿದವರು, ಈಗ ಬಾಗಿಲು ತೆರೆದಿದೆ ಎಂಬ ವಾದಸರಣಿ ಇದು. ಕಟ್ಟಕಡೆಯ ಹೆಜ್ಜೆಯನ್ನು ಓದುಗನೇ ಇಡಬೇಕು.

ಹೀಗೆಂದ ಮಾತ್ರಕ್ಕೆ ಪುಸ್ತಕ ಸುಳ್ಳೆಂದು ಹೇಳಿದಂತಲ್ಲ. ಅರಸರ ಕ್ರೌರ್ಯಕ್ಕೆ ಬೇರೆ ಆಧಾರಗಳೂ ಇವೆ. ಆದರೆ ಯಾವುದಕ್ಕೆ ಎಷ್ಟು ಜಾಗ ಸಿಗಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂಬುದನ್ನು ವಿಷಯದಷ್ಟೇ ಓದುಗನೂ ನಿರ್ಧರಿಸಿದ್ದಾನೆ. ಇದು ಬರೀ ಊಹೆಯಲ್ಲವೆನ್ನಲು ಮೋಗ್ಲಿಂಗರೇ ಒಂದು ಪುರಾವೆ ಒದಗಿಸಿದ್ದಾರೆ. 1857ರಲ್ಲಿ ಅವರು ಮಂಗಳೂರಿನಿಂದ ಕನ್ನಡದಲ್ಲಿ ‘ರಾಜೇಂದ್ರನಾಮೆ’ ಪ್ರಕಟಿಸಿದರು. ಹಾಲೇರಿ ಅರಸ ದೊಡ್ಡವೀರರಾಜೇಂದ್ರ ಬರೆಯಿಸಿದ ವಂಶಚರಿತ್ರೆ ಅದು, ಅರಸನ ದೃಷ್ಟಿಯಿಂದ ಅರಸೊತ್ತಿಗೆಯ ಕಥೆ. ಅದೇ ಮನುಷ್ಯ, ಅದೇ ನಾಡು, ಎರಡೇ ವರ್ಷದ ಅಂತರ. ಕನ್ನಡದ ಓದುಗ ವಂತಿಗೆ ಕೊಡುವವನಲ್ಲ. ಅವನ ಕೈಗೆ ಬಂದದ್ದು ನಾಡಿನದೇ ಗ್ರಂಥ. ಮೂರನೆಯದು 1866ರಲ್ಲಿ ಬಾಸೆಲ್‌ನಿಂದ ಹೊರಟ ಜರ್ಮನ್ ಪುಸ್ತಕ ‘ದಾಸ್ ಕುರ್ಗ್‌ಲಾಂಡ್’. ವೈಟ್‌ಬ್ರೆಕ್ಟ್ ಎಂಬವರೊಡನೆ ಸೇರಿ ಬರೆದದ್ದು. ಆ ಹೊತ್ತಿಗೆ ಮಿಶನ್ ಬಾಸೆಲ್‌ನ ಪಾಲಿಗೆ ಬಂದಿತ್ತು, ಅದನ್ನು ಸಾಕುತ್ತಿದ್ದವರು ಐದು ರಾಪೆನ್ನಿನ ಮಂದಿ. ಪುಸ್ತಕದ ಭಾಷೆ ಬದಲಾದದ್ದು ಸಹಜವೇ. ಈ ಮೂರನ್ನೂ ಸಾಲಾಗಿಟ್ಟು ಪುಟಕ್ಕೆ ಪುಟ ಹೋಲಿಸುವ ಕೆಲಸ ಜರ್ಮನ್ ಬಲ್ಲ ಕನ್ನಡ ಸಂಶೋಧಕರಿಗೆ ಕಾದಿದೆ.

ಇಷ್ಟರ ನಡುವೆ ಮೋಗ್ಲಿಂಗರಿಗೊಂದು ಸಂಸಾರವೂ ಆಯಿತು. ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನೆಯನ್ನು ಮೋಗ್ಲಿಂಗ್ ಅನಂತರ ಮದುವೆಯಾದರು. ಒಂಟಿ ಮಿಶನರಿ ಅರೆಹೊಟ್ಟೆಯಲ್ಲೂ ಘಟ್ಟ ಸುತ್ತಬಲ್ಲ. ಸಂಸಾರವಂದಿಗನಿಗೆ ಮನೆ, ಔಷಧ, ಮಕ್ಕಳ ಪ್ರಯಾಣ ಎಲ್ಲಕ್ಕೂ ನಿಲ್ಲದ ಆದಾಯ ಬೇಕು. ಕೊಡಗು ಮಿಶನ್ ಬಾಸೆಲ್‌ನ ತೆಕ್ಕೆಗೆ ಸೇರಿದ್ದಕ್ಕೆ ಧರ್ಮಕಾರಣಗಳನ್ನು ಮುಂದಿಡುವವರು ಈ ಸಾಂಸಾರಿಕ ಕಾರಣವನ್ನೂ ತೂಕಕ್ಕೆ ಹಾಕಬೇಕು ಎನ್ನುವುದು ನನ್ನ ಅಭಿಪ್ರಾಯ. 1860ರ ಸುಮಾರಿಗೆ ಹೆಂಡತಿಯ ಅನಾರೋಗ್ಯದಿಂದಾಗಿ ಅವರು ಇಂಡಿಯಾ ಬಿಟ್ಟರು, ಮತ್ತೆ ಬರಲಿಲ್ಲ. ಜರ್ಮನಿಯಲ್ಲಿ ಕೂತೇ ಕಿಟ್ಟೆಲರ ನಿಘಂಟಿಗೆ ನೆರವು ದೊರಕಿಸಲು ಓಡಾಡಿದರು. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ನಿಧನರಾದಾಗ ನಿಘಂಟು ಇನ್ನೂ ಅಚ್ಚಾಗಿರಲಿಲ್ಲ. ಅದು ಹೊರಬಂದದ್ದು 1894ರಲ್ಲಿ. ಪರರ ಕೆಲಸಕ್ಕೆ ಹಣ ಹೊಂದಿಸುವ ಕಲೆಯನ್ನು ಅವರು ಕೊಡಗಿನಲ್ಲಿ ಚೆನ್ನಾಗಿಯೇ ಕಲಿತಿದ್ದರೆಂದು ತೋರುತ್ತದೆ.

ಹಣದ ಲೆಕ್ಕದಲ್ಲಿ, ಅಮ್ಮತ್ತಿ–ಸಿದ್ದಾಪುರದ ಕಡೆ ಮಿಶನ್ ಹೂಡಿದ ನೆಲೆಯಾದ ಆನಂದಪುರದ ವಿಚಾರ ಇನ್ನಷ್ಟು ಸಿಕ್ಕುಸಿಕ್ಕಾದದ್ದು. ಕೊಡವರಲ್ಲಿ ಮಿಶನ್ನಿಗೆ ಸೋಮಯ್ಯನಂಥ ಒಬ್ಬಿಬ್ಬರ ಹೊರತು ಯಾರೂ ಒಲಿಯಲಿಲ್ಲ. ಒಲಿದವರು ಜಮೀನಿನೊಂದಿಗೆ ಕೈ ಬದಲಾಗುತ್ತಿದ್ದ ಹೊಲೆಯ ಜೀತದಾಳುಗಳು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು 1843ರಲ್ಲೇ ಕಾಯಿದೆಯಾಗಿದ್ದರೂ ಗದ್ದೆಯ ಬದಿಯಲ್ಲಿ ಅದರ ಸುಳಿವು ಯಾರಿಗೂ ಇದ್ದಂತಿಲ್ಲ. ಮಿಶನ್ ಇವರನ್ನು ಆನಂದಪುರದಲ್ಲಿ ನೆಲೆಗೊಳಿಸಿತು. ಮಂಗಳೂರಿನ ಸಾರಸ್ವತ ಮನೆತನದಿಂದ ಬಂದು ಬಾಸೆಲ್‌ನಲ್ಲಿ ಓದಿ ಪಾದ್ರಿಯಾದ ಆನಂದರಾವ್ ಕೌಂಡಿನ್ಯರ ನಂಟೂ ಈ ನೆಲೆಗಿತ್ತು. ಕಾಫಿಯನ್ನೂ ಬೆಳೆಯಲಾಯಿತು. ಒಡೆಯನಿಂದ ಬಿಡಿಸಿಕೊಂಡವರಿಗೆ ದುಡಿಮೆ ಬೇಕು, ಮಿಶನ್ನಿಗೆ ಸ್ವಂತ ಆದಾಯ ಬೇಕು, ಸುತ್ತಲಿನ ತೋಟಗಾರರಿಗೆ ಆಳು ಬೇಕು. ಈ ಮೂರು ಬೇಕುಗಳು ಒಂದೇ ಊರಿನಲ್ಲಿ ಸೇರಿದವು. 1860ರ ದಶಕದಲ್ಲಿ ಕಾಂಡಕೊರಕ ಹುಳು ಕೊಡಗಿನ ಕಾಫಿಗೆ ಬಿದ್ದಾಗ ತೋಟದ ಆದಾಯ ನೆಚ್ಚಿ ಮಿಶನ್ ನಡೆಸುವ ಕನಸು ಎಷ್ಟು ದುರ್ಬಲವೆಂದು ಗೊತ್ತಾಯಿತು.

ಕೊನೆಗೆ ಮಿಶನ್ನಿನ ಭಾರವನ್ನು ನಿಜಕ್ಕೂ ಹಗುರಮಾಡಿದ್ದು ಸರ್ಕಾರಿ ಸಂಬಳ. 1856ರಲ್ಲಿ ಬಂದ ಮಿಶನರಿ ಗೆಯಾರ್ಗ್ ರಿಕ್ಟರ್ ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿ, ಮುಂದೆ ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರಾಗಿ ಸರ್ಕಾರದ ಶಿಕ್ಷಣ ವ್ಯವಸ್ಥೆಯೊಳಗೇ ಸೇರಿಹೋದರು. 1870ರ ಅವರ ‘ಮ್ಯಾನ್ಯುಯಲ್ ಆಫ್ ಕೂರ್ಗ್’ನಲ್ಲಿ ಮಳೆ, ಮಣ್ಣು, ಕಂದಾಯ, ಜಾತಿವಾರು ವಿವರಗಳೆಲ್ಲ ಖಾನೆಖಾನೆಯಾಗಿ ಕೂತಿವೆ. ಕಣ್ಣೀರು ತರಿಸುವ ಕಥೆಗೆ ಅಲ್ಲಿ ಕೆಲಸವಿಲ್ಲ, ಏಕೆಂದರೆ ಅದರ ಓದುಗ ಜಿಲ್ಲೆ ಆಳುವವನು. ಎಂ. ಎನ್. ಶ್ರೀನಿವಾಸರು 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದಾಗ ರಿಕ್ಟರನ್ನು ಆಕರವಾಗಿ ಬಳಸಿದರು. ಹೀಗೆ ಆ ಖಾನೆಗಳು ಸಮಾಜಶಾಸ್ತ್ರದೊಳಕ್ಕೂ ನಡೆದುಬಂದವು. ಕೊಡವರು ತಮ್ಮ ಹಾಡು, ಗಾದೆ, ಪದ್ಧತಿಗಳನ್ನು ತಮಗಾಗಿಯೇ ಒಟ್ಟುಮಾಡಿದ ಪುಸ್ತಕಕ್ಕೆ, ಅಂದರೆ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ಗೆ, 1924ರವರೆಗೆ ಕಾಯಬೇಕಾಯಿತು.

ವಿದೇಶಿ ವಂತಿಗೆಯ ಆಸರೆಯಲ್ಲಿ ಹುಟ್ಟದ ಕ್ರೈಸ್ತ ಸಮುದಾಯವೊಂದು ಕೊಡಗಿನಲ್ಲಿ ಮೊದಲೇ ಇತ್ತು. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ಯಾಥೊಲಿಕರಿಗೆ ವೀರರಾಜಪೇಟೆಯಲ್ಲಿ ಜಾಗ ಕೊಟ್ಟದ್ದು ದೊಡ್ಡವೀರರಾಜೇಂದ್ರ. ಸಂತ ಅನ್ನಮ್ಮನ ಇಗರ್ಜಿ ತನ್ನ ಆರಂಭವನ್ನು 1792ಕ್ಕೆ ಒಯ್ಯುತ್ತದೆ. ಅವರ ಬಗ್ಗೆ ಅಷ್ಟು ಹಿಂದೆಯೇ ಇಂಥದೊಂದು ‘ಮೆಮೊಯರ್ಸ್’ ಬರಲಿಲ್ಲ. ಯಾರನ್ನೂ ಮನವೊಲಿಸಬೇಕಾದ ತುರ್ತು ಇಲ್ಲದಿದ್ದುದೇ ಇದಕ್ಕೆ ಕಾರಣವಿರಬಹುದು. ಮಿಶನರಿ ಬರಹವನ್ನೇ ನೆಚ್ಚಿದರೆ ಕೊಡಗಿನ ಕ್ರೈಸ್ತ ಚರಿತ್ರೆ ಅರವತ್ತು ವರ್ಷ ತಡವಾಗಿ ಶುರುವಾದಂತೆ ಕಾಣುತ್ತದೆ.

ಆನಂದಪುರದ ಮೊದಲ ಕುಟುಂಬಗಳ ಬಗ್ಗೆ ನಮಗೆ ಈಗ ತಿಳಿದಿರುವುದೆಲ್ಲ ಅವರ ಪರವಾಗಿ ಹಣ ಕೇಳಿದವರು ಬರೆದದ್ದು. ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕಗಳು ಬೇರೆ ಜಾತಿಯ ಆಕರಗಳು. ಅವನ್ನು ಯಾರನ್ನೂ ಮೆಚ್ಚಿಸಲು ಬರೆದಿಲ್ಲ. ಹಳೆಯ ಹೆಸರು, ಹೊಸ ಹೆಸರು, ಊರು, ಕಸುಬುಗಳನ್ನು ಒಂದೊಂದು ಸಾಲಿನಲ್ಲಿ ಬರೆದಿಡುವುದಷ್ಟೇ ಅಂಥ ಪುಸ್ತಕಗಳ ಕೆಲಸ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಿಂದ ಮತ್ತು ಸ್ಥಳೀಯ ಸಭೆಗಳ ಪೆಟ್ಟಿಗೆಗಳಿಂದ ಶುರುಮಾಡಿ, ಒಂದೊಂದು ಹೆಸರನ್ನೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಕಂದಾಯ ಕಡತಗಳೊಡನೆ ತಾಳೆ ನೋಡಿದರೆ ಯಾವ ಒಕ್ಕದ ಗದ್ದೆಯಿಂದ ಯಾರು, ಯಾವ ವರ್ಷ ಎದ್ದುಬಂದರೆಂಬುದನ್ನು ಅಷ್ಟಿಷ್ಟಾದರೂ ಗುರುತಿಸಬಹುದು.