ಕತ್ತಿಯ ಮೈಲಿಗೆ ಯಾರ ಲೆಕ್ಕಕ್ಕೆ?

ಇಂದಿನ ತುರ್ಕಿಯ ನಡುಭಾಗದಲ್ಲಿದ್ದ ಕಪ್ಪದೋಕ್ಯ ಸೀಮೆಯ ಬಿಷಪ್ ಬಾಸಿಲ್ 4ನೇ ಶತಮಾನದಲ್ಲಿ ಒಂದು ವಿಚಿತ್ರ ನಿಯಮ ಬರೆದಿಟ್ಟ. ಯುದ್ಧದಲ್ಲಿ ಕೊಂದವನನ್ನು ಹಿರಿಯರು ಕೊಲೆಗಾರರ ಸಾಲಿಗೆ ಸೇರಿಸಿಲ್ಲ, ನಿಜ. ಆದರೂ ಕೈಗೆ ರಕ್ತ ಅಂಟಿದೆಯಲ್ಲ, ಮೂರು ವರ್ಷ ಅವನು ಪರಮಪ್ರಸಾದದಿಂದ ದೂರ ಇರುವುದು ಮೇಲು ಎಂದ. ಅಪರಾಧವಲ್ಲ, ಆದರೆ ಮೈಲಿಗೆಯಂತೂ ಹೌದು. ಯುದ್ಧ ಮತ್ತು ಮರಣದಂಡನೆಯ ಬಗ್ಗೆ ಕ್ರೈಸ್ತರು ನಡೆಸಿದ ಉದ್ದನೆಯ ವಾದವನ್ನು ಓದುತ್ತ ಹೋದರೆ, ಈ ಮೈಲಿಗೆಯನ್ನು ಯಾರ ಲೆಕ್ಕಕ್ಕೆ ಬರೆಯುವುದು ಎಂಬ ಜಗಳವೇ ಮತ್ತೆಮತ್ತೆ ಎದುರಾಗುತ್ತದೆ.

ಬಾಸಿಲನಿಗಿಂತ ಹಿಂದಿನವರು ಹೆಚ್ಚು ಕಟ್ಟುನಿಟ್ಟು. ಕ್ರೈಸ್ತರು ಚಕ್ರವರ್ತಿಯ ಪರವಾಗಿ ಹೋರಾಡುವುದಿಲ್ಲ ಎಂಬ ಕ್ರೈಸ್ತವಿರೋಧಿ ದಾರ್ಶನಿಕ ಸೆಲ್ಸಸನ ದೂರಿಗೆ, ಅವರು ಪ್ರಾರ್ಥನೆಯಿಂದಲೇ ಹೋರಾಡುತ್ತಾರೆ ಎಂದು 3ನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಓರಿಜೆನ್ ಉತ್ತರಿಸಿದ್ದ. 295ರಲ್ಲಿ ಉತ್ತರ ಆಫ್ರಿಕದ ಮ್ಯಾಕ್ಸಿಮಿಲಿಯನ್ ಎಂಬ ಇಪ್ಪತ್ತೊಂದರ ಯುವಕ ಸೈನ್ಯ ಸೇರಲು ಒಪ್ಪದೆ ತಲೆ ಕೊಟ್ಟ. ಆಮೇಲೆ ಚಕ್ರವರ್ತಿ ಕಾನ್‌ಸ್ಟಂಟೈನನೇ ಕ್ರೈಸ್ತರ ಪಕ್ಷಕ್ಕೆ ಬಂದ. ನಿನ್ನೆಯವರೆಗೆ ಕತ್ತಿಗೆ ಕೊರಳೊಡ್ಡಿದವರ ಕೈಗೇ ಈಗ ಅದರ ಹಿಡಿ ಬಂದಿತ್ತು.

ಆ ಇಕ್ಕಟ್ಟನ್ನು ಬಿಡಿಸಲು ಕೂತವನು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್. ನ್ಯಾಯಯುತ ಅಧಿಕಾರದ ಆಜ್ಞೆಯಂತೆ ಕೊಲ್ಲುವವನು ಬರೀ ಕತ್ತಿ ಇದ್ದಂತೆ, ಹೊಣೆ ಆಜ್ಞೆ ಕೊಟ್ಟವನದು ಎಂಬುದು ಅವನ ತರ್ಕ. ಮೈಲಿಗೆ ಸೈನಿಕನ ಕೈಯಿಂದ ಅರಸನ ಖಾತೆಗೆ ಹೋಯಿತು. ಅದೇ ಅಗಸ್ಟೀನ್, ತನ್ನ ಕಡೆಯ ಪಾದ್ರಿಯನ್ನು ಕೊಂದ ಡೊನಾಟಿಸ್ಟ್ ಪಂಗಡದವರಿಗೆ ಮರಣದಂಡನೆ ಬೇಡ ಎಂದು 412ರ ಸುಮಾರಿಗೆ ಅಧಿಕಾರಿ ಮಾರ್ಸೆಲಿನಸ್‌ಗೆ ಕಾಗದ ಬರೆದು ಅಂಗಲಾಚಿದ. ಅವನ ಸಿದ್ಧಾಂತಕ್ಕಿಂತ ಈ ಕಾಗದವೇ ನನಗೆ ಹೆಚ್ಚು ಇಷ್ಟ.

ಮಧ್ಯಯುಗದಲ್ಲಿ ಲೆಕ್ಕ ಇನ್ನಷ್ಟು ನಾಜೂಕಾಯಿತು. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಯುದ್ಧಕ್ಕೆ ಮೂರು ಷರತ್ತು ಹಾಕಿದ: ಅಧಿಕಾರವುಳ್ಳ ಅರಸ, ನ್ಯಾಯವಾದ ಕಾರಣ, ಶುದ್ಧ ಉದ್ದೇಶ. ಅಪರಾಧಿಯನ್ನು ಕೊಳೆತ ಅಂಗಕ್ಕೆ ಹೋಲಿಸಿ, ದೇಹ ಉಳಿಸಲು ಅದನ್ನು ಕತ್ತರಿಸಬಹುದೆಂದ. ಇತ್ತ 1215ರ ಲ್ಯಾಟರನ್ ಮಹಾಸಭೆ, ಪಾದ್ರಿಗಳು ರಕ್ತ ಹರಿಯುವ ತೀರ್ಪು ಕೊಡಕೂಡದು ಎಂದು ವಿಧಿಸಿತು. ಹಾಗಾಗಿ ಧರ್ಮವಿಚಾರಣೆಯ ಪೀಠ ಪಾಷಂಡಿಯನ್ನು ಸರಕಾರಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಿತ್ತು. ಬೆಂಕಿ ಹಚ್ಚುವವನು ಬೇರೆ. ಮಡಿ ಕೆಡಲಿಲ್ಲ!

1526ರಲ್ಲಿ ಧರ್ಮಸುಧಾರಕ ಲೂಥರ್, ಸೈನಿಕರೂ ಉದ್ಧಾರವಾಗಬಹುದು ಎಂದು ಪುಸ್ತಕವನ್ನೇ ಬರೆದ. ಮರುವರ್ಷ ಫೆಬ್ರವರಿಯಲ್ಲಿ ಶ್ಲೈಟ್‌ಹೈಮ್‌ನಲ್ಲಿ ಕೂಡಿದ ಅನಬ್ಯಾಪ್ಟಿಸ್ಟ್ ಪಂಗಡದವರು, ಲೋಕಕ್ಕೆ ಕತ್ತಿ ಬೇಕಾಗಬಹುದು, ಕ್ರಿಸ್ತನ ಹಿಂಬಾಲಕ ಅದನ್ನು ಮುಟ್ಟಕೂಡದು ಎಂದು ಬರೆದುಕೊಂಡರು. ಅದನ್ನು ಬರೆದನೆನ್ನಲಾದ ಮೈಕೆಲ್ ಸ್ಯಾಟ್ಲರ್‌ನನ್ನು ಮೇ ತಿಂಗಳಲ್ಲಿ ಸುಟ್ಟರು.

ಪೋಪರೇ ಅರಸರಾಗಿದ್ದ ನಾಡಿನಲ್ಲಿ ಮಾತ್ರ ಲೆಕ್ಕ ದಾಟಿಸಲು ಬೇರೆ ಖಾತೆ ಇರಲಿಲ್ಲ. ಅಲ್ಲಿನ ವಧಕಾರ ಜೊವಾನ್ನಿ ಬತ್ತಿಸ್ತಾ ಬುಗಾಟ್ಟಿ 1796ರಿಂದ 1864ರವರೆಗೆ 516 ಜನರನ್ನು ಮುಗಿಸಿದ. ಬಿಡುವಿನಲ್ಲಿ ಛತ್ರಿಗೆ ಬಣ್ಣ ಹಚ್ಚುತ್ತಿದ್ದ. ಮರಣದಂಡನೆಯ ವಿಧಿ ವ್ಯಾಟಿಕನ್ ನಗರದ ಕಾನೂನಿನಿಂದ ಹೋದದ್ದು 1969ರಲ್ಲಿ.

ಅಲ್ಲಿಂದ ಮರಣದಂಡನೆ, ಯುದ್ಧ ಎಂಬ ಎರಡು ಪ್ರಶ್ನೆಗಳ ದಾರಿ ಕವಲೊಡೆಯಿತು. ಸೆರೆಮನೆ ಭದ್ರವಾಗಿರುವಾಗ ಅಪರಾಧಿಯನ್ನು ಕೊಲ್ಲಲೇಬೇಕಾದ ಸಂದರ್ಭ ಇಲ್ಲವೆನ್ನುವಷ್ಟು ವಿರಳ ಎಂದು 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೇಳಿದರು. 2018ರಲ್ಲಿ ಪೋಪ್ ಫ್ರಾನ್ಸಿಸ್, ಮನುಷ್ಯನ ಘನತೆಯನ್ನೇ ಮುಂದಿಟ್ಟು, ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲೇ ತಿದ್ದಿಸಿದರು. ಎಲ್ಲ ಕ್ರೈಸ್ತರೂ ಇದನ್ನು ಒಪ್ಪುವುದಿಲ್ಲ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 2000ದಲ್ಲಿ ಮರಣದಂಡನೆಯ ಪರ ನಿರ್ಣಯ ಮಾಡಿದ್ದಾರೆ. ನಮ್ಮಲ್ಲಿ, 1999ರಲ್ಲಿ ಒಡಿಶಾದಲ್ಲಿ ತಮ್ಮ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀವಂತ ಸುಟ್ಟವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಕ್ಷಮೆ ಬೇರೆ, ಕಾನೂನಿನ ದಾರಿ ಬೇರೆ ಎಂಬುದನ್ನೂ ಅವರು ಸ್ಪಷ್ಟಪಡಿಸಿದ್ದರು.

ಯುದ್ಧದ ಕಡೆ ಬಾಗಿಲು ಇಷ್ಟು ಮುಚ್ಚಿಲ್ಲ. ಇಡೀ ನಗರಗಳನ್ನು ನಾಶಮಾಡುವುದನ್ನು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಖಂಡಿಸಿತು. ಇಂದು ಯುದ್ಧವನ್ನು ನ್ಯಾಯಯುತವೆನ್ನುವುದು ಬಲು ಕಷ್ಟ ಎಂದು 2020ರಲ್ಲಿ ಫ್ರಾನ್ಸಿಸ್ ಬರೆದರು. ಆದರೂ ಆತ್ಮರಕ್ಷಣೆಯ ಹಕ್ಕು ಅದೇ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಉಳಿದಿದೆ. ಕೈದಿಯ ಕೈ ಕಟ್ಟಿದೆ, ಗಡಿ ದಾಟಿ ಬಂದವನದು ಕಟ್ಟಿಲ್ಲ: ವ್ಯತ್ಯಾಸ ಇಷ್ಟೇ ಎಂದು ನನ್ನ ಎಣಿಕೆ.

ಬಾಸಿಲನ ನಿಯಮ ಒಮ್ಮೆ ದೊಡ್ಡ ಕೆಲಸ ಮಾಡಿದ್ದುಂಟು. 10ನೇ ಶತಮಾನದ ಬೈಜಾಂಟಿಯನ್ ಚಕ್ರವರ್ತಿ ನಿಕೆಫೊರಸ್ ಫೋಕಾಸ್, ರಣದಲ್ಲಿ ಸತ್ತ ತನ್ನ ಸೈನಿಕರನ್ನು ರಕ್ತಸಾಕ್ಷಿಗಳೆಂದು ಸಾರಬೇಕೆಂದ. ಧರ್ಮಾಧ್ಯಕ್ಷ ಪಾಲಿಯೂಕ್ಟಸ್ ಒಪ್ಪಲಿಲ್ಲ. ಆ ಮೂರು ವರ್ಷಗಳ ನಿಯಮವನ್ನೇ ಎದುರಿಗಿಟ್ಟ. ಬಾಸಿಲನನ್ನು ಇಂದಿಗೂ ಪೂಜ್ಯನೆಂದು ನೆನೆಯುವ ರಷ್ಯದ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥ ಕಿರಿಲ್ 2022ರ ಸೆಪ್ಟೆಂಬರಿನ ಪ್ರವಚನದಲ್ಲಿ, ಸೈನಿಕ ಕರ್ತವ್ಯದಲ್ಲಿ ಪ್ರಾಣ ಕೊಟ್ಟವನ ಪಾಪವೆಲ್ಲ ತೊಳೆದುಹೋಗುತ್ತದೆ ಎಂದರು. ಉಕ್ರೇನಿನ ಮೇಲೆ ಯುದ್ಧ ಶುರುವಾಗಿ ಆಗ ಏಳು ತಿಂಗಳಾಗಿತ್ತು.