ಟೆಡ್ಡಿ ಬ್ರಿಡ್ಜ್‌ವಾಟರ್ ಅವರ ಮೊಣಕಾಲಿನ ಗಾಯ ಮತ್ತು ಚೇತರಿಕೆ

ಟೆಡ್ಡಿ ಬ್ರಿಡ್ಜ್‌ವಾಟರ್ (ಜನನ: ನವೆಂಬರ್ 10, 1992) ಅಮೆರಿಕನ್ ಫುಟ್‌ಬಾಲ್ ಕ್ರೀಡೆಯ ಕ್ವಾರ್ಟರ್‌ಬ್ಯಾಕ್ ಆಟಗಾರರು. 2016ರ ಆಗಸ್ಟ್ 30ರಂದು ಮಿನ್ನೆಸೋಟ ವೈಕಿಂಗ್ಸ್ ತಂಡದ ಅಭ್ಯಾಸದ ವೇಳೆ ಅವರ ಎಡ ಮೊಣಕಾಲಿನ ಕೀಲು ತಪ್ಪಿ, ಅಸ್ಥಿರಜ್ಜುಗಳು ಹರಿದುಹೋದವು. ಕಾಲನ್ನೇ ಕಳೆದುಕೊಳ್ಳುವ ಅಪಾಯವಿದ್ದ ಈ ಗಾಯದಿಂದ ಚೇತರಿಸಿಕೊಂಡ ಅವರು ಸುಮಾರು ಹದಿನೈದೂವರೆ ತಿಂಗಳುಗಳ ನಂತರ, 2017ರ ಡಿಸೆಂಬರ್ 17ರಂದು ಅಧಿಕೃತ ಪಂದ್ಯವೊಂದರಲ್ಲಿ ಮತ್ತೆ ಮೈದಾನಕ್ಕಿಳಿದರು. 2019ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವನ್ನು ಸತತ ಐದು ಪಂದ್ಯಗಳಲ್ಲಿ ಗೆಲುವಿನತ್ತ ಮುನ್ನಡೆಸಿದರು.

ಹಿನ್ನೆಲೆ

ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ತಂಡದ ಆಕ್ರಮಣವನ್ನು ನಿರ್ದೇಶಿಸುವವರು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಪಡೆದ ಕೂಡಲೇ ಕೆಲವು ಹೆಜ್ಜೆ ಹಿಂದೆ ಸರಿದು, ಒಂದು ಕಾಲನ್ನು ಊರಿ, ದೇಹದ ಭಾರವನ್ನು ಮುಂದಕ್ಕೆ ತಂದು ಚೆಂಡನ್ನು ಎಸೆಯುವುದು ಅವರ ಮುಖ್ಯ ಕೆಲಸ. ಎಸೆತದ ಬಲ ಹಾಗೂ ನಿಖರತೆ ತೋಳಿನಷ್ಟೇ ಕಾಲುಗಳನ್ನೂ ಅವಲಂಬಿಸುತ್ತವೆ. ಆದುದರಿಂದ ಮೊಣಕಾಲಿನ ಗಾಯವು ಈ ಸ್ಥಾನದ ಆಟಗಾರರಿಗೆ ವೃತ್ತಿಜೀವನದ ಪ್ರಶ್ನೆಯಾಗುತ್ತದೆ.

ಫ್ಲೋರಿಡಾ ರಾಜ್ಯದ ಮಯಾಮಿಯಲ್ಲಿ ಜನಿಸಿದ ಬ್ರಿಡ್ಜ್‌ವಾಟರ್ ಲೂಯಿವಿಲ್ ವಿಶ್ವವಿದ್ಯಾಲಯದ ಪರವಾಗಿ ಆಡಿದರು. 2014ರ ಆಯ್ಕೆ ಪ್ರಕ್ರಿಯೆಯ ಮೊದಲ ಸುತ್ತಿನ 32ನೆಯ ಹಾಗೂ ಕೊನೆಯ ಆಯ್ಕೆಯಾಗಿ ವೈಕಿಂಗ್ಸ್ ತಂಡವನ್ನು ಸೇರಿದರು. 2015ರ ಋತುವಿನಲ್ಲಿ ಅವರು 3,231 ಗಜಗಳಷ್ಟು ಎಸೆತಗಳನ್ನು ಪೂರೈಸಿದರು. ತಂಡವು 11 ಪಂದ್ಯಗಳನ್ನು ಗೆದ್ದು ತನ್ನ ವಿಭಾಗದ ಅಗ್ರಸ್ಥಾನ ಪಡೆಯಿತು. 2016ರ ಋತು ಆರಂಭವಾಗುವ ಹೊತ್ತಿಗೆ, 23 ವರ್ಷದ ಅವರನ್ನು ತಂಡದ ದೀರ್ಘಕಾಲದ ನಾಯಕರೆಂದೇ ಪರಿಗಣಿಸಲಾಗಿತ್ತು.

ಗಾಯ

ಈಡನ್ ಪ್ರೇರಿಯಲ್ಲಿದ್ದ ತಂಡದ ಅಭ್ಯಾಸ ಕೇಂದ್ರದಲ್ಲಿ ಈ ಘಟನೆ ಸಂಭವಿಸಿತು. ಎಸೆತಕ್ಕಾಗಿ ಹಿಂದೆ ಸರಿಯುವ ಸಾಮಾನ್ಯ ಅಭ್ಯಾಸದ ವೇಳೆ, ಯಾವ ಆಟಗಾರರೂ ಅವರನ್ನು ಮುಟ್ಟದಿದ್ದರೂ, ಮೊಣಕಾಲು ಮಣಿದು ಅವರು ನೆಲಕ್ಕುರುಳಿದರು. ತಂಡದ ಮುಖ್ಯ ಕ್ರೀಡಾ ಆರೈಕೆದಾರ ಎರಿಕ್ ಶುಗರ್‌ಮನ್ ಹಾಗೂ ಅವರ ಸಹಾಯಕರು ಮೈದಾನದಲ್ಲಿಯೇ ಆರೈಕೆ ನೀಡಿದರು. ಬಳಿಕ ಆಂಬ್ಯುಲೆನ್ಸ್ ಮೂಲಕ ಅವರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ತರಬೇತುದಾರ ಮೈಕ್ ಝಿಮ್ಮರ್ ಆ ದಿನದ ಅಭ್ಯಾಸವನ್ನು ರದ್ದುಗೊಳಿಸಿದರು. ಮುಂಭಾಗದ ಅಡ್ಡರಜ್ಜು ಪೂರ್ಣವಾಗಿ ಹರಿದಿರುವುದು, ಕೀಲು ತಪ್ಪಿರುವುದು ಹಾಗೂ ಮೊಣಕಾಲಿನ ಇತರ ಭಾಗಗಳಿಗೂ ಹಾನಿಯಾಗಿರುವುದು ಪರೀಕ್ಷೆಯಿಂದ ತಿಳಿದುಬಂದಿತು. ಅಪಧಮನಿ ಮತ್ತು ನರಗಳಿಗೆ ಹಾನಿಯಾದಂತೆ ಕಂಡುಬರಲಿಲ್ಲ.

ವೈದ್ಯಕೀಯ ಸ್ವರೂಪ

ಮೊಣಕಾಲಿನಲ್ಲಿ ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ನಾಲ್ಕು ಪ್ರಮುಖ ಅಸ್ಥಿರಜ್ಜುಗಳು ಬಂಧಿಸಿರುತ್ತವೆ. ಕೀಲಿನ ಒಳಗೆ ಒಂದನ್ನೊಂದು ಹಾಯ್ದುಹೋಗುವ ಎರಡು ಅಡ್ಡರಜ್ಜುಗಳಿದ್ದರೆ, ಇಕ್ಕೆಲಗಳಲ್ಲಿ ಎರಡು ಪಾರ್ಶ್ವರಜ್ಜುಗಳಿರುತ್ತವೆ. ಕ್ರೀಡಾಪಟುಗಳಲ್ಲಿ ಆಗಾಗ ಕಂಡುಬರುವುದು ಎಸಿಎಲ್ ಎಂದು ಕರೆಯಲಾಗುವ ಮುಂಭಾಗದ ಅಡ್ಡರಜ್ಜುವಿನ ಹರಿತ. ಇದು ಗಂಭೀರವಾದರೂ ಜೀವಕ್ಕಾಗಲಿ ಕಾಲಿಗಾಗಲಿ ಅಪಾಯಕಾರಿಯಲ್ಲ.

ಕೀಲು ಪೂರ್ಣವಾಗಿ ತಪ್ಪುವುದು ಇದಕ್ಕಿಂತ ಭಿನ್ನವಾದ ಹಾಗೂ ಅಪರೂಪದ ಸ್ಥಿತಿ. ಎರಡು ಮೂಳೆಗಳು ಪರಸ್ಪರ ಬೇರ್ಪಟ್ಟಾಗ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ರಜ್ಜುಗಳು ಹರಿಯುತ್ತವೆ. ಕೆಳಗಾಲಿಗೆ ರಕ್ತವನ್ನೊಯ್ಯುವ ಮುಖ್ಯ ಅಪಧಮನಿಯು ಮೊಣಕಾಲಿನ ಹಿಂಬದಿಯಲ್ಲಿ ಮೂಳೆಗೆ ತೀರ ಸಮೀಪದಲ್ಲಿ ಹಾದುಹೋಗುವುದರಿಂದ, ಅದು ಎಳೆತಕ್ಕೊಳಗಾಗಿ ಹರಿಯುವ ಇಲ್ಲವೇ ಮುಚ್ಚಿಹೋಗುವ ಸಂಭವವಿರುತ್ತದೆ. ಆರರಿಂದ ಎಂಟು ಗಂಟೆಗಳೊಳಗೆ ರಕ್ತಸಂಚಾರ ಮರಳದಿದ್ದರೆ ಸ್ನಾಯುಗಳು ಸಾಯತೊಡಗುತ್ತವೆ ಮತ್ತು ಕಾಲನ್ನು ಕತ್ತರಿಸಬೇಕಾದ ಸಂದರ್ಭ ಹೆಚ್ಚುತ್ತದೆ. ಈ ಕಾರಣದಿಂದಲೇ ಕೀಲನ್ನು ಸ್ವಸ್ಥಾನಕ್ಕೆ ತಂದು ಅಲುಗದಂತೆ ಕಟ್ಟುವುದು ಹಾಗೂ ಪಾದದ ನಾಡಿಯನ್ನು ಪರೀಕ್ಷಿಸುವುದು ಮೊದಲ ಚಿಕಿತ್ಸೆಯ ಮುಖ್ಯ ಭಾಗಗಳಾಗಿವೆ. ಬ್ರಿಡ್ಜ್‌ವಾಟರ್ ಅವರ ಕಾಲು ಉಳಿಯಲು ಮೈದಾನದಲ್ಲಿ ದೊರೆತ ಕ್ಷಿಪ್ರ ಆರೈಕೆಯೂ ಕಾರಣವೆಂದು ವ್ಯಾಪಕವಾಗಿ ಶ್ಲಾಘಿಸಲಾಯಿತು.

ಶಸ್ತ್ರಚಿಕಿತ್ಸೆ ಮತ್ತು ಪುನಶ್ಚೇತನ

2016ರ ಸೆಪ್ಟೆಂಬರ್ ತಿಂಗಳಲ್ಲಿ ಶಸ್ತ್ರವೈದ್ಯ ಡ್ಯಾನ್ ಕೂಪರ್ ಅವರು ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಸಿದರು. ಹರಿದ ಅಡ್ಡರಜ್ಜುವನ್ನು ಹೊಲಿದು ಜೋಡಿಸುವುದು ಸಾಮಾನ್ಯವಾಗಿ ಫಲಕಾರಿಯಲ್ಲವಾದುದರಿಂದ, ಇಂತಹ ಚಿಕಿತ್ಸೆಗಳಲ್ಲಿ ದೇಹದ ಬೇರೆಡೆಯ ಅಥವಾ ದಾನಿಯ ಸ್ನಾಯುಬಂಧವನ್ನು ಅದರ ಸ್ಥಾನದಲ್ಲಿ ಕಸಿ ಮಾಡಲಾಗುತ್ತದೆ. ಕಸಿಯಾದ ಅಂಗಾಂಶವು ಮೊದಲ ತಿಂಗಳುಗಳಲ್ಲಿ ದುರ್ಬಲಗೊಂಡು, ಹೊಸ ರಕ್ತನಾಳಗಳು ಬೆಳೆದ ಬಳಿಕವೇ ಕ್ರಮೇಣ ಗಟ್ಟಿಯಾಗುತ್ತದೆ. ಎಸಿಎಲ್ ಒಂದೇ ಹರಿದಿದ್ದರೆ ಕ್ರೀಡೆಗೆ ಮರಳಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕಾಗುತ್ತದೆ. ಹಲವು ರಜ್ಜುಗಳು ಹರಿದಾಗ ಈ ಅವಧಿ ಇನ್ನೂ ದೀರ್ಘವಾಗುತ್ತದೆ.

ಇಂತಹ ಪುನಶ್ಚೇತನವು ಕಾಲನ್ನು ಮಡಿಸುವ ಮತ್ತು ಚಾಚುವ ಚಲನೆಗಳಿಂದ ಆರಂಭವಾಗುತ್ತದೆ. ನಂತರ ತೊಡೆಯ ಸ್ನಾಯುಗಳ ಬಲವರ್ಧನೆ, ನಡಿಗೆ, ಓಟ ಹಾಗೂ ಕೊನೆಯಲ್ಲಿ ದಿಕ್ಕು ಬದಲಿಸುವ ಅಭ್ಯಾಸಗಳು ಒಂದರ ಹಿಂದೊಂದು ಬರುತ್ತವೆ. ಯಾವ ಹಂತವನ್ನೂ ಅವಸರಿಸುವಂತಿಲ್ಲ. ಬ್ರಿಡ್ಜ್‌ವಾಟರ್ 2016ರ ಇಡೀ ಋತುವಿನಿಂದ ಹೊರಗುಳಿದರು. 2017ರ ಋತುವಿನ ಆರಂಭದಲ್ಲಿಯೂ ಅವರ ಹೆಸರು ದೈಹಿಕವಾಗಿ ಆಡಲು ಅಸಮರ್ಥರಾದವರ ಪಟ್ಟಿಯಲ್ಲಿತ್ತು.

ಈ ನಡುವೆ ತಂಡವು ಅವರಿಗಾಗಿ ಕಾಯುವ ಸ್ಥಿತಿಯಲ್ಲಿರಲಿಲ್ಲ. ಗಾಯವಾದ ನಾಲ್ಕೇ ದಿನಗಳಲ್ಲಿ, ಸೆಪ್ಟೆಂಬರ್ 3ರಂದು, ವೈಕಿಂಗ್ಸ್ ತಂಡವು 2017ರ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನೂ ಒಳಗೊಂಡ ವಿನಿಮಯದ ಮೂಲಕ ಫಿಲಡೆಲ್ಫಿಯಾ ಈಗಲ್ಸ್ ತಂಡದಿಂದ ಸ್ಯಾಮ್ ಬ್ರ್ಯಾಡ್‌ಫೋರ್ಡ್ ಅವರನ್ನು ಪಡೆಯಿತು. 2017ರಲ್ಲಿ ಬ್ರ್ಯಾಡ್‌ಫೋರ್ಡ್ ಕೂಡ ಮೊಣಕಾಲಿನ ತೊಂದರೆಗೊಳಗಾದಾಗ ಕೇಸ್ ಕೀನಮ್ ಆ ಸ್ಥಾನಕ್ಕೆ ಬಂದರು ಹಾಗೂ ತಂಡವು 13 ಪಂದ್ಯಗಳನ್ನು ಗೆದ್ದಿತು. ಹೀಗೆ ಬ್ರಿಡ್ಜ್‌ವಾಟರ್ ಗುಣಮುಖರಾಗುವ ವೇಳೆಗೆ ಅವರ ಸ್ಥಾನ ತೆರವಾಗಿರಲಿಲ್ಲ.

ಮೈದಾನಕ್ಕೆ ಮರಳಿಕೆ

2017ರ ಅಕ್ಟೋಬರ್‌ನಲ್ಲಿ ಅವರು ಅಭ್ಯಾಸಕ್ಕೆ ಮರಳಿದರು. ನವೆಂಬರ್ 8ರಂದು ಅವರನ್ನು ಸಕ್ರಿಯ ತಂಡಕ್ಕೆ ಸೇರಿಸಲಾಯಿತು. ಕೆಲವೇ ದಿನಗಳ ಬಳಿಕ ವಾಷಿಂಗ್ಟನ್ ತಂಡದ ವಿರುದ್ಧದ ಪಂದ್ಯದಲ್ಲಿ ಸಮವಸ್ತ್ರ ಧರಿಸಿ ಮೈದಾನದ ಬದಿಯಲ್ಲಿ ಕುಳಿತಿದ್ದಾಗ ಅವರು ಕಣ್ಣೀರಿಟ್ಟ ದೃಶ್ಯ ದೂರದರ್ಶನದಲ್ಲಿ ಪ್ರಸಾರವಾಯಿತು. ಡಿಸೆಂಬರ್ 17ರಂದು ಮಿನ್ನಿಯಾಪೊಲಿಸ್‌ನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ 34–7ರಿಂದ ಗೆದ್ದ ಪಂದ್ಯದ ಕೊನೆಯ ಭಾಗದಲ್ಲಿ ಅವರು ಕಣಕ್ಕಿಳಿದಾಗ ಪ್ರೇಕ್ಷಕರು ಎದ್ದುನಿಂತು ಸ್ವಾಗತಿಸಿದರು. ಅವರ ಮೊದಲ ಎಸೆತವು ಸಹ ಆಟಗಾರನ ಕೈಗೆ ತಾಗಿ ಎದುರಾಳಿಗಳ ಪಾಲಾಯಿತು. ವೈಕಿಂಗ್ಸ್ ಪರವಾಗಿ ಅವರು ಆಡಿದ ಕೊನೆಯ ಪಂದ್ಯವೂ ಅದೇ ಆಯಿತು.

ನಂತರದ ವೃತ್ತಿಜೀವನ

2018ರಲ್ಲಿ ಅವರು ಒಂದು ವರ್ಷದ ಒಪ್ಪಂದದ ಮೇಲೆ ನ್ಯೂಯಾರ್ಕ್ ಜೆಟ್ಸ್ ತಂಡವನ್ನು ಸೇರಿದರು. ಋತುಪೂರ್ವ ಪಂದ್ಯಗಳಲ್ಲಿ ಉತ್ತಮವಾಗಿ ಆಡಿದ ಬಳಿಕ, ಆಗಸ್ಟ್ ಅಂತ್ಯದಲ್ಲಿ, ಅವರನ್ನು ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ ವರ್ಗಾಯಿಸಲಾಯಿತು. ಅಲ್ಲಿ ಅವರು ಡ್ರೂ ಬ್ರೀಸ್ ಅವರಿಗೆ ಬದಲಿ ಆಟಗಾರರಾಗಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಬ್ರೀಸ್ ಅವರ ಬಲಗೈ ಹೆಬ್ಬೆರಳಿಗೆ ಪೆಟ್ಟಾದಾಗ ತಂಡದ ಹೊಣೆ ಬ್ರಿಡ್ಜ್‌ವಾಟರ್ ಅವರಿಗೆ ಬಂದಿತು. ಸಿಯಾಟಲ್, ಡಲ್ಲಾಸ್, ಟ್ಯಾಂಪಾ ಬೇ, ಜ್ಯಾಕ್ಸನ್‌ವಿಲ್ ಮತ್ತು ಶಿಕಾಗೊ ತಂಡಗಳ ವಿರುದ್ಧ ಅವರು ಆರಂಭಿಕ ಆಟಗಾರರಾಗಿ ಆಡಿದ ಐದೂ ಪಂದ್ಯಗಳನ್ನು ಸೇಂಟ್ಸ್ ಗೆದ್ದಿತು.

ಇದರ ಫಲವಾಗಿ 2020ರಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್ ತಂಡವು ಅವರೊಂದಿಗೆ ಮೂರು ವರ್ಷಗಳ, 63 ದಶಲಕ್ಷ ಡಾಲರ್ ಮೌಲ್ಯದ ಒಪ್ಪಂದ ಮಾಡಿಕೊಂಡಿತು. ಆ ಋತುವಿನಲ್ಲಿ ಅವರು 15 ಪಂದ್ಯಗಳನ್ನು ಆರಂಭಿಸಿ 3,733 ಗಜಗಳಷ್ಟು ಎಸೆತಗಳನ್ನು ಪೂರೈಸಿದರು. ಇದು ಗಾಯಕ್ಕೆ ಮೊದಲಿನ ಅವರ ಯಾವುದೇ ಋತುವಿನ ಮೊತ್ತಕ್ಕಿಂತ ಹೆಚ್ಚು. ನಂತರ ಡೆನ್ವರ್ ಬ್ರಾಂಕೋಸ್, ಮಯಾಮಿ ಡಾಲ್ಫಿನ್ಸ್ ಹಾಗೂ ಡೆಟ್ರಾಯಿಟ್ ಲಯನ್ಸ್ ತಂಡಗಳಲ್ಲಿದ್ದರು. 2024ರಲ್ಲಿ ತಾವು ಓದಿದ ಮಯಾಮಿ ನಾರ್ತ್‌ವೆಸ್ಟರ್ನ್ ಪ್ರೌಢಶಾಲೆಯ ತಂಡಕ್ಕೆ ಮುಖ್ಯ ತರಬೇತುದಾರರಾಗಿ, ಅದೇ ವರ್ಷ ಆ ತಂಡಕ್ಕೆ ರಾಜ್ಯ ಪ್ರಶಸ್ತಿಯನ್ನು ದೊರಕಿಸಿಕೊಟ್ಟರು.